ಅಮ್ಮನ ಏಳು ಗಂಟೆ ಮತ್ತು ತಾರಸಿಯ ಕಂಬ

ಹನುಮಂತನಗರದ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಅಪ್ಪ ನಿಲ್ಲಿಸಿದ ಕಬ್ಬಿಣದ ಪೈಪಿನ ಕಂಬವೊಂದು ಇನ್ನೂ ಇದೆ. 1980ರ ದಶಕದಲ್ಲಿ ಅದರ ತುದಿಗೆ ಮೀನಿನ ಮುಳ್ಳಿನಂತಹ ಅಲ್ಯೂಮಿನಿಯಂ ಆಂಟೆನಾ ಇತ್ತು. ಅದು ಜೆ.ಸಿ. ನಗರದ ಟಿವಿ ಟವರಿನತ್ತ, ಅಂದರೆ ನಮ್ಮ ಮನೆಯಿಂದ ಉತ್ತರಕ್ಕೆ ತುಸು ಪೂರ್ವವಾಗಿ, ಮುಖ ಮಾಡಿ ನಿಂತಿರುತ್ತಿತ್ತು. ಆಷಾಢದ ಗಾಳಿಗೆ ಅದು ತಿರುಗಿಹೋದಾಗ ಅಪ್ಪ ಮೇಲೆ ಹತ್ತಿ ಕಂಬ ತಿರುಗಿಸುವುದು, ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ಮಾತು ದಾಟಿಸುವುದು, ಅಮ್ಮ ಹಾಲ್‌ನಲ್ಲಿ ಪರದೆ ನೋಡುತ್ತ "ಬಂತು, ಬಂತು, ಅಯ್ಯೋ ಹೋಯ್ತು" ಎನ್ನುವುದು ನಮ್ಮ ಮನೆಯ ವಾಡಿಕೆಯಾಗಿತ್ತು. ಬಂದ ಮೇಲೆ ಯಾರೂ ಕಂಬವನ್ನು ಮುಟ್ಟುವಂತಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ಅದಕ್ಕೆ ಕಟ್ಟಬಾರದೆಂದು ಅಪ್ಪನ ಕಟ್ಟಪ್ಪಣೆ ಇತ್ತು.

2024ರ ಮಾರ್ಚ್‌ನಲ್ಲಿ ನಾವು ಕೇಬಲ್ ಟಿವಿಯನ್ನು ಬಿಟ್ಟೆವು. ಆ ನಿರ್ಧಾರ ನನ್ನದು. ಅದರ ಫಲವನ್ನು ಮೊದಲು ಉಂಡವರು ಅಮ್ಮ. ಅವರಿಗೆ ಈಗ ಎಪ್ಪತ್ತೆಂಟು. ಕೇಬಲ್ ಬಿಟ್ಟರೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ನಾನು ಒಂದು ಭಾನುವಾರ ಕೂತು ಮಾಡಿದ್ದೆ. ಆದರೆ ಅಮ್ಮನ ದಿನದಲ್ಲಿ ಟಿವಿ ಯಾವ ಕೆಲಸ ಮಾಡುತ್ತಿದೆ ಎಂಬ ಲೆಕ್ಕವನ್ನು ಮಾಡಿರಲಿಲ್ಲ, ಮತ್ತು ಅದು ತಿಳಿಯಲು ಐದು ತಿಂಗಳು ಹಿಡಿಯಿತು.

ಕೇಬಲ್ ನಮ್ಮ ಬೀದಿಗೆ ಬಂದದ್ದು 1990ರ ದಶಕದ ಮೊದಲ ವರ್ಷಗಳಲ್ಲಿ. 1994ರಲ್ಲಿ ಉದಯ ಟಿವಿ ಆರಂಭವಾದಾಗ, ದೂರದರ್ಶನವಲ್ಲದ ಒಂದು ಕನ್ನಡ ವಾಹಿನಿ ಮನೆಯೊಳಗೆ ಬಂದದ್ದು ನಮಗೆಲ್ಲ ಹಬ್ಬದಂತಿತ್ತು. ಕೇಬಲ್‌ನವರು ಎದುರಿನ ಹೊಂಗೆ ಮರದಿಂದ ನಮ್ಮ ತಾರಸಿಗೆ, ನಮ್ಮ ತಾರಸಿಯಿಂದ ಹಿಂದಿನ ಮನೆಗೆ ಕಪ್ಪು ತಂತಿ ಎಳೆದರು. ನಡುವೆ ಆಸರೆಗೆಂದು ಅಪ್ಪನ ಕಂಬಕ್ಕೇ ಒಂದು ಸುತ್ತು ಸುತ್ತಿದರು. ಅಪ್ಪ ಬೇಡವೆನ್ನಲಿಲ್ಲ. ಆಂಟೆನಾ ಇಳಿದು ಅಟ್ಟ ಸೇರಿತು. ಕೇಬಲ್‌ನವರ ಸ್ವಂತ ವಾಹಿನಿಯೂ ಒಂದಿತ್ತು: ರಾತ್ರಿ ಒಂದು ಸಿನಿಮಾ, ಪಕ್ಕದ ರಸ್ತೆಯ ಬಟ್ಟೆ ಅಂಗಡಿಯ ಜಾಹೀರಾತು, ಗಣೇಶೋತ್ಸವದ ಸಮಯದಲ್ಲಿ ನಮ್ಮದೇ ಬಡಾವಣೆಯ ಪೆಂಡಾಲಿನ ಆರ್ಕೆಸ್ಟ್ರಾ. ಅದರಲ್ಲಿ ಪರಿಚಿತ ಮುಖ ಕಂಡಾಗ ಆಗುತ್ತಿದ್ದ ಸಂತೋಷವನ್ನು ಆಮೇಲಿನ ಯಾವ ವಾಹಿನಿಯೂ ಕೊಡಲಿಲ್ಲ.

ತಿಂಗಳ ಮೊದಲ ವಾರ ಹಣ ವಸೂಲಿಗೆ ಬರುವ ಹುಡುಗ ಅಮ್ಮನಿಗೆ ಮನೆಯವನಂತೆ ಆಗಿಹೋಗಿದ್ದ. "ಅಮ್ಮಾವ್ರೇ, ಚಿತ್ರ ಚೆನ್ನಾಗಿ ಬರ್ತಿದ್ಯಾ?" ಎಂದು ಕೇಳಿ, ಬಾಗಿಲಲ್ಲೇ ನಿಂತು ಒಂದು ಲೋಟ ಮಜ್ಜಿಗೆ ಕುಡಿದು, ಚೀಟಿ ಹರಿದು ಕೊಟ್ಟು ಹೋಗುತ್ತಿದ್ದ. ಸಮಸ್ಯೆಯಾದರೆ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಏಣಿಯೊಂದಿಗೆ ಹಾಜರಾಗುತ್ತಿದ್ದ. ಕೇಬಲ್ ಬಿಟ್ಟ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಈ ಹುಡುಗನನ್ನು ಮರೆಯುತ್ತಾರೆ. ನನಗೆ ಮರೆಯಲು ಇಷ್ಟವಿಲ್ಲ.

ಬದಲಾವಣೆಯ ಮೊದಲ ಹೆಜ್ಜೆ ಸೆಟ್‌ಟಾಪ್ ಬಾಕ್ಸ್. ದೇಶದ ಕೇಬಲ್ ಜಾಲವನ್ನು ಡಿಜಿಟಲ್‌ಗೆ ಬದಲಿಸುವ ಕೆಲಸದ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿ 38 ನಗರಗಳಿದ್ದವು. ಅದಕ್ಕೆ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಅಲ್ಲಿಯವರೆಗೆ ತಂತಿಯನ್ನು ಟಿವಿಗೆ ನೇರವಾಗಿ ಚುಚ್ಚಿದರೆ ಸಾಕಿತ್ತು. ಅನಂತರ ಒಂದಲ್ಲ, ಎರಡು ರಿಮೋಟ್. ಅಮ್ಮ ಅವೆರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟಿವಿಯದಕ್ಕೆ ಕೆಂಪು ದಾರ, ಬಾಕ್ಸಿನದಕ್ಕೆ ಹಳದಿ ದಾರ ಕಟ್ಟಿಟ್ಟುಕೊಂಡರು.

ಎರಡನೆಯದು 2019ರ ಫೆಬ್ರುವರಿ 1. ಅಂದಿನಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದು, ನೋಡುವವರೇ ವಾಹಿನಿಗಳನ್ನು ಆರಿಸಿಕೊಳ್ಳಬೇಕೆಂದಾಯಿತು. ಆಗ ನೂರು ಸಾಮಾನ್ಯ ವಾಹಿನಿಗಳಿಗೆ ಜಾಲದ ಶುಲ್ಕವೆಂದು ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ; ಹಣ ಕೊಟ್ಟು ನೋಡುವ ವಾಹಿನಿಗಳ ಬೆಲೆ ಅದರ ಮೇಲೆ; ಒಂದು ಎಚ್‌ಡಿ ವಾಹಿನಿಯನ್ನು ಎರಡೆಂದು ಎಣಿಸುವುದು. ಬೇಕಾದ್ದಕ್ಕೆ ಮಾತ್ರ ಹಣ ಎಂಬ ಆ ತತ್ವ ನ್ಯಾಯವಾದದ್ದೆಂದು ನಾನು ಈಗಲೂ ನಂಬುತ್ತೇನೆ. ಆದರೆ ಪಟ್ಟಿ ನಮ್ಮ ಕೈಗೆ ಬಂದಾಗ ಒಂದೊಂದಾಗಿ ಆರಿಸುವುದಕ್ಕಿಂತ ಕಟ್ಟುಗಳಲ್ಲಿ ಕೊಳ್ಳುವುದೇ ಅಗ್ಗವೆನ್ನುವಂತಿತ್ತು, ಮತ್ತು ಕಟ್ಟಿನಲ್ಲಿ ಬೇಕಾದ ಒಂದರ ಜೊತೆಗೆ ಬೇಡದ ನಾಲ್ಕು ಬರುತ್ತಿದ್ದವು. ವರ್ಷಗಳು ಕಳೆದಂತೆ ನಮ್ಮ ತಿಂಗಳ ಬಿಲ್ಲು 420 ರೂಪಾಯಿಗೆ ಬಂದು ನಿಂತಿತು. ಅಮ್ಮ ನೋಡುತ್ತಿದ್ದದ್ದು ಮೂರೇ ವಾಹಿನಿ. ಮಗ, ಗಂಡ, ನಾನು ಎಲ್ಲವನ್ನೂ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡತೊಡಗಿದ್ದೆವು. ಮನೆಗೆ ಫೈಬರ್ ಬ್ರಾಡ್‌ಬ್ಯಾಂಡ್ ಮೊದಲೇ ಬಂದಿತ್ತು. ಒಂದೇ ಮನೆಗೆ ಎರಡು ತಂತಿ, ಎರಡು ಬಿಲ್ಲು ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ನನ್ನ ತಂಗಿ ಷಿಕಾಗೊ ಬಳಿ ಇದ್ದಾಳೆ. ಅವಳು ಕೇಬಲ್ ಬಿಟ್ಟು ಹಲವು ವರ್ಷಗಳಾದವು. ಕಿಟಕಿಗೆ ಅಂಟಿಸಿದ ಹಾಳೆಯಷ್ಟು ತೆಳುವಾದ ಆಂಟೆನಾದಿಂದ ಅವಳ ಟಿವಿಗೆ ಎಬಿಸಿ, ಸಿಬಿಎಸ್, ಎನ್‌ಬಿಸಿ, ಪಿಬಿಎಸ್ ಎಲ್ಲವೂ ಕಾಸಿಲ್ಲದೆ, ಕನ್ನಡಿಯಷ್ಟು ಸ್ವಚ್ಛವಾಗಿ ಬರುತ್ತವೆ. ಅಮೆರಿಕದ ಪೂರ್ಣ ಶಕ್ತಿಯ ಟಿವಿ ಕೇಂದ್ರಗಳು 2009ರ ಜೂನ್ 12ರಂದು ಅನಲಾಗ್ ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್‌ಗೆ ದಾಟಿದವು. ಪ್ರಸಾರ ಮಾತ್ರ ಗಾಳಿಯಲ್ಲಿಯೇ ಉಳಿಯಿತು. "ಅಕ್ಕ, ನೀನೂ ಒಂದು ಆಂಟೆನಾ ಹಾಕಿಸು, ಮಿಕ್ಕದ್ದು ಇಂಟರ್‌ನೆಟ್ಟಿನಲ್ಲಿ ನೋಡು" ಎಂದು ಅವಳು ಹೇಳಿದಾಗ ನಾನು ಅಟ್ಟದ ಮೇಲಿನ ಮೀನಿನ ಮುಳ್ಳನ್ನು ನೆನೆದೆ. ಆದರೆ ಇಲ್ಲಿಯ ಕಥೆ ಬೇರೆ. ಖಾಸಗಿ ವಾಹಿನಿಗಳಿಗೆ ನಮ್ಮಲ್ಲಿ ನೆಲದ ಟವರಿನಿಂದ ಪ್ರಸಾರ ಮಾಡುವ ಅವಕಾಶವೇ ಇರಲಿಲ್ಲ. ಅವೆಲ್ಲ ಹುಟ್ಟಿದ್ದೇ ಉಪಗ್ರಹದ ಮೇಲೆ. ದೂರದರ್ಶನವೂ ತನ್ನ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಹಂತಹಂತವಾಗಿ ಮುಚ್ಚುತ್ತ ಬಂದು, 2022ರ ಹೊತ್ತಿಗೆ ಗಡಿ ಮೊದಲಾದ ಆಯಕಟ್ಟಿನ ಜಾಗಗಳ ಸುಮಾರು 50ನ್ನು ಮಾತ್ರ ಉಳಿಸಿಕೊಳ್ಳುವ ತೀರ್ಮಾನಕ್ಕೆ ಬಂದಿತ್ತು. ನಡುವೆ 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರವನ್ನು ಆರಂಭಿಸಿತ್ತಾದರೂ ನನ್ನ ಪರಿಚಯದ ಒಂದು ಮನೆಯಲ್ಲೂ ಅದನ್ನು ಹಿಡಿಯುವ ಸಾಧನವನ್ನು ನಾನು ಕಾಣಲಿಲ್ಲ. ಹಾಗಾಗಿ ತಂಗಿಯ ಸಲಹೆಯ ಅರ್ಧವನ್ನಷ್ಟೇ ತೆಗೆದುಕೊಂಡೆ. ಸ್ಮಾರ್ಟ್ ಟಿವಿ ಬಂತು, ಎರಡು ಆ್ಯಪ್‌ಗಳಿಗೆ ಚಂದಾ ಕಟ್ಟಿದ್ದಾಯಿತು, ಕೇಬಲ್ ಬಾಕ್ಸನ್ನು ಒರೆಸಿ ಹಿಂದಿರುಗಿಸಿದೆ. ಹುಡುಗ ತಂತಿಯನ್ನು ಕಂಬದಿಂದ ಬಿಚ್ಚಿಕೊಂಡು ಹೋದ. ಆ ದಿನವೂ ಮಜ್ಜಿಗೆ ಕುಡಿದೇ ಹೋದ.

ಮೊದಲ ಎರಡು ವಾರ ಎಲ್ಲರಿಗೂ ಹಿತವಾಗಿತ್ತು. ಅಮ್ಮನ ಧಾರಾವಾಹಿಗಳು ಆ್ಯಪಿನಲ್ಲಿ ಇದ್ದವು. ಜಾಹೀರಾತಿನ ಕಾಟ ಕಡಿಮೆ. ತಪ್ಪಿಹೋದ ಕಂತನ್ನು ಮರುದಿನ ನೋಡಬಹುದು. "ಅಮ್ಮ, ಇನ್ನು ಏಳು ಗಂಟೆಗೇ ಕೂರಬೇಕಾಗಿಲ್ಲ, ನಿಮಗೆ ಬೇಕಾದಾಗ ನೋಡಿ" ಎಂದು ನಾನು ದೊಡ್ಡ ವರ ಕೊಟ್ಟಂತೆ ಹೇಳಿದೆ.

ಆ ವರವೇ ತೊಡಕಾಯಿತು. ಸಂಜೆ ಆರೂವರೆಗೆ ದೇವರ ಮುಂದೆ ದೀಪ ಹಚ್ಚಿ, ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚಿಟ್ಟು, ಏಳಕ್ಕೆ ಸರಿಯಾಗಿ ಕುರ್ಚಿಗೆ ಬಂದು ಕೂರುತ್ತಿದ್ದ ಅಮ್ಮ ನಿಧಾನವಾಗಿ ಹೊತ್ತು ತಪ್ಪತೊಡಗಿದರು. ಬೇಕಾದಾಗ ನೋಡಬಹುದಾದ್ದರಿಂದ ನೋಡಲೇಬೇಕಾದ ಗಳಿಗೆ ಎಂಬುದೇ ಇಲ್ಲವಾಯಿತು. ಒಂದು ದಿನ ಮಧ್ಯಾಹ್ನ ಮೂರಕ್ಕೆ ಆರು ಕಂತು ಒಟ್ಟಿಗೆ ನೋಡಿ ಕಣ್ಣು ಉರಿಯುತ್ತಿದೆ ಎಂದರು. ಅನಂತರ ನಾಲ್ಕು ದಿನ ಟಿವಿಯನ್ನೇ ಹಾಕಲಿಲ್ಲ. ಹಿಂದಿನ ಬೀದಿಯ ಸಾವಿತ್ರಮ್ಮನವರೊಂದಿಗೆ ಬೆಳಗ್ಗೆ ಹಾಲಿನ ಬೂತಿನ ಬಳಿ ಆಗುತ್ತಿದ್ದ "ನಿನ್ನೆ ನೋಡಿದ್ರಾ?" ಎಂಬ ಮಾತೂ ನಿಂತಿತು, ಏಕೆಂದರೆ ಒಬ್ಬರು ಮುಂದೆ, ಒಬ್ಬರು ಹಿಂದೆ. ಪರದೆ ಹೊತ್ತಿಸಿದೊಡನೆ ಸಾಲುಸಾಲು ಚಿತ್ರಗಳು, ಯಾರು ನೋಡುತ್ತಿದ್ದೀರಿ ಎಂಬ ಪ್ರಶ್ನೆ, ಅಪ್‌ಡೇಟ್ ಮಾಡಿ ಎಂಬ ಸೂಚನೆ. ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಆ ಸಣ್ಣ ಅಕ್ಷರಗಳು ಕಾಣುತ್ತಿರಲಿಲ್ಲ. "ನೀನು ಬಂದ ಮೇಲೆ ಹಾಕಿಕೊಡು ಕಣೆ" ಎಂದು ನನಗಾಗಿ ಕಾಯಲು ಆರಂಭಿಸಿದರು. ಮೂವತ್ತು ವರ್ಷ ತಮ್ಮ ಟಿವಿಯನ್ನು ತಾವೇ ಹಾಕಿಕೊಂಡವರು ಅದಕ್ಕಾಗಿ ಮಗಳ ದಾರಿ ಕಾಯುವಂತೆ ಮಾಡಿದ್ದೆ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಇನ್ನೊಂದು ಪಾಠ ಜೂನ್ 29ರ ರಾತ್ರಿ ಬಂತು. ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್‌ನ ಫೈನಲ್, ದಕ್ಷಿಣ ಆಫ್ರಿಕಾ ಎದುರು. ಭಾರತ ತಂಡದ ಕೋಚ್ ನಮ್ಮ ಊರಿನ ರಾಹುಲ್ ದ್ರಾವಿಡ್. ಅವರಿಗೆ ಅದು ಆ ತಂಡದ ಕೋಚ್ ಆಗಿ ಕೊನೆಯ ಪಂದ್ಯ. ಅಮ್ಮನೂ ನಿದ್ದೆಗೆಟ್ಟು ಕೂತಿದ್ದರು. ಕೊನೆಯ ಓವರಿಗೆ ಎದುರಾಳಿಗೆ 16 ರನ್ ಬೇಕಿದ್ದಾಗ, ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಟ ಆರಂಭಿಸುವ ಮುನ್ನವೇ, ಪಕ್ಕದ ಮನೆಗಳಿಂದ, ಆಚೆ ಬೀದಿಯಿಂದ ಕೂಗು ಎದ್ದಿತು. ಸೂರ್ಯಕುಮಾರ್ ಯಾದವ್ ಗಡಿಗೆರೆಯ ಅಂಚಿನಲ್ಲಿ ಡೇವಿಡ್ ಮಿಲ್ಲರ್ ಅವರ ಕ್ಯಾಚ್ ಹಿಡಿದದ್ದು ಕಿವಿಗೆ ಮೊದಲು ಬಂತು, ಕಣ್ಣಿಗೆ ಆಮೇಲೆ. ಇಂಟರ್‌ನೆಟ್ಟಿನ ನೇರ ಪ್ರಸಾರದಲ್ಲಿ ದೃಶ್ಯವನ್ನು ತುಂಡುತುಂಡಾಗಿ ಕಟ್ಟಿ ಕಳುಹಿಸುತ್ತಾರೆ, ಟಿವಿ ಆ ಕೆಲವು ತುಂಡುಗಳನ್ನು ಮುಂಗಡವಾಗಿ ಕೂಡಿಟ್ಟುಕೊಂಡು ತೋರಿಸುತ್ತದೆ. ಹಾಗಾಗಿ ಸಾಮಾನ್ಯ ಪ್ರಸಾರಕ್ಕಿಂತ ಅದು ಹಿಂದೆ ಬೀಳುತ್ತದೆ. ಏಳು ರನ್ನುಗಳ ಆ ಗೆಲುವು ನಮ್ಮ ಮನೆಗೆ ಬೀದಿಯ ಸುದ್ದಿಯಾಗಿ ಬಂತು. ಅಮ್ಮ, "ಎಲ್ಲರಿಗೂ ಆದ ಮೇಲೆ ನಮಗೆ" ಎಂದಷ್ಟೇ ಹೇಳಿ ಮಲಗಲು ಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ಡಿಡಿ ಫ್ರೀ ಡಿಶ್‌ನ ಬಗ್ಗೆ ಓದಿಕೊಂಡದ್ದು ಆಗಲೇ. ಅದು ಹೊಸದೇನಲ್ಲ, 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ, ತಿಂಗಳ ಚಂದಾ ಇಲ್ಲದ ಪ್ರಸಾರ ಭಾರತಿಯ ಉಪಗ್ರಹ ಟಿವಿ ಸೇವೆ. ನಗರದಲ್ಲಿರುವ ನಾವು ಅದನ್ನು ಹಳ್ಳಿಯವರಿಗೆ ಮಾಡಿದ್ದೆಂದು ತಿಳಿದು ತಿರುಗಿ ನೋಡಿರಲಿಲ್ಲ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಡಿಶ್, ಅದರ ಮುಂದೆ ಕೂತು ಉಪಗ್ರಹದ ತರಂಗ ಹಿಡಿಯುವ ಎಲ್‌ಎನ್‌ಬಿ, ಬಾಕ್ಸ್, ತಂತಿ ಎಲ್ಲವೂ ಸಿಕ್ಕಿತು. ಕೂರಿಸುವ ಕೂಲಿಯೂ ಸೇರಿ ಒಟ್ಟು 2,100 ರೂಪಾಯಿ, ಅಂದರೆ ನಮ್ಮ ಐದು ತಿಂಗಳ ಕೇಬಲ್ ಬಿಲ್ಲು.

ಕೂರಿಸಲು ಬಂದ ಯುವಕ ತಾರಸಿಯನ್ನು ಒಮ್ಮೆ ಸುತ್ತಿ, "ಅಕ್ಕ, ಈ ಕಂಬ ಗಟ್ಟಿಯಾಗಿದೆ, ಇದಕ್ಕೇ ಹಾಕೋಣ" ಎಂದ. ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ 66 ಡಿಗ್ರಿಯಷ್ಟು ಮೇಲೆ. ಅಪ್ಪನ ಆಂಟೆನಾ ನೋಡುತ್ತಿದ್ದದ್ದು ಊರಿನೊಳಗಿನ ಟವರನ್ನು. ಅದೇ ಕಂಬದ ಮೇಲಿನ ಡಿಶ್ ಈಗ ಅದಕ್ಕೆ ಬೆನ್ನು ತಿರುಗಿಸಿ ಆಕಾಶ ನೋಡುತ್ತದೆ. ಯುವಕ ಮೀಟರ್ ಹಿಡಿದು ಡಿಶ್ಶನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಿದ್ದಾಗ ನಾನು ಅಭ್ಯಾಸಬಲದಿಂದ ಮೆಟ್ಟಿಲ ತಿರುವಿಗೆ ಹೋಗಿ ನಿಂತಿದ್ದೆ. ಕೆಳಗಿನಿಂದ ಅಮ್ಮನ ದನಿ ಬಂತು: "ಬಂತು, ಬಂತು!" ಈ ಸಲ ಹೋಗಲಿಲ್ಲ.

ಆ ಉಪಗ್ರಹದ ಹೆಸರು ಜಿಸ್ಯಾಟ್-15. ಅದನ್ನು ಕಟ್ಟಿದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರನ್ನು ಆ ಕೇಂದ್ರಕ್ಕೆ 2018ರಲ್ಲಿ ಇಟ್ಟರು. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನದ ಕೌರೂವಿನಿಂದ ಉಪಗ್ರಹ ಮೇಲೇರಿತು. ಅಂದಿನಿಂದ ಅದನ್ನು ತನ್ನ ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುತ್ತಿರುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಇದನ್ನು ಅಮ್ಮನಿಗೆ ಹೇಳಿದಾಗ ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಅವರ ತವರು ಅರಕಲಗೂಡು. "ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಬಿಳಿ ತಟ್ಟೆಗಳು ಇವೆಯಲ್ಲ, ಅಲ್ಲಿಂದಲಾ?" ಎಂದು ಕೇಳಿ, ಸಾವಿತ್ರಮ್ಮನವರಿಗೆ ಫೋನ್ ಮಾಡಿ, "ನಮ್ಮ ಟಿವಿ ಈಗ ಹಾಸನದವರ ಕೈಯಲ್ಲಿದೆ" ಎಂದು ತಿಳಿಸಿದರು.

ದೊಡ್ಡ ಕನ್ನಡ ಮನರಂಜನಾ ವಾಹಿನಿಗಳ ಧಾರಾವಾಹಿಗಳು ಡಿಶ್‌ನಲ್ಲಿ ನಮಗೆ ಸಿಗಲಿಲ್ಲ. ಅವುಗಳಿಗಾಗಿ ಒಂದು ಆ್ಯಪಿನ ಚಂದಾ ಉಳಿಸಿಕೊಂಡಿದ್ದೇವೆ, ಇನ್ನೊಂದನ್ನು ಬಿಟ್ಟಿದ್ದೇವೆ. ಐಪಿಎಲ್ ಪಂದ್ಯಗಳೆಲ್ಲವೂ ಅಲ್ಲಿ ಬರುವುದಿಲ್ಲ. ಆದರೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ 2007ರ ಕಾನೂನಿದೆ. ಹಾಗೆ ಹಂಚಿಕೊಂಡದ್ದನ್ನು ದೂರದರ್ಶನ ತನ್ನ ಭೂಪ್ರಸಾರದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಜಾಲಗಳಿಗೆ ದಾಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಇಷ್ಟು ವರ್ಷ ಹಣ ಕೊಟ್ಟು ಕೇಬಲ್ ಇಟ್ಟುಕೊಂಡಿದ್ದ ನಮಗೆ ಸಿಗದ ಒಂದು ಹಕ್ಕು ಬಿಟ್ಟಿ ಡಿಶ್‌ನವರಿಗೆ ಇತ್ತೆಂಬುದು ನನಗೆ ಗೊತ್ತೇ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಚಂದನ ಬಂತು. ಅದು ಕೇಬಲ್‌ನಲ್ಲೂ ಇತ್ತು, ಆದರೆ ನೂರಾರು ವಾಹಿನಿಗಳ ನಡುವೆ ಅದರ ಸಂಖ್ಯೆ ಅಮ್ಮನಿಗೆ ನೆನಪಿರುತ್ತಿರಲಿಲ್ಲ. ಈಗ ಬಾಕ್ಸ್ ಹಾಕಿದರೆ ಅದೇ ಮೊದಲು ಕಾಣುವಂತೆ ಮಾಡಿಟ್ಟಿದ್ದೇನೆ. ಸಂಜೆಯ ವಾರ್ತೆಗೆ ಅಮ್ಮ ಕುರ್ಚಿಗೆ ಬರುತ್ತಾರೆ. ವಾರ್ತೆ ಓದುವವರು ಕೂಗುವುದಿಲ್ಲ, ಪರದೆಯ ಮೇಲೆ ಆರು ಜನ ಒಟ್ಟಿಗೆ ಜಗಳವಾಡುವುದಿಲ್ಲ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಡುತ್ತಿರುವ "ಥಟ್ ಅಂತ ಹೇಳಿ" ಇದೆ. ಸರಿಯುತ್ತರ ಹೇಳಿದವರಿಗೆ ಪುಸ್ತಕವನ್ನೇ ಬಹುಮಾನ ಕೊಡುವ ಆ ಕಾರ್ಯಕ್ರಮದ ಎದುರು ಕೂತು ನನ್ನ ಮಗ ಅಜ್ಜಿಯೊಡನೆ ಪಂದ್ಯ ಕಟ್ಟುತ್ತಾನೆ; ಗಾದೆ, ಒಗಟು, ಪುರಾಣಗಳಲ್ಲಿ ಅಜ್ಜಿ, ವಿಜ್ಞಾನದಲ್ಲಿ ಮೊಮ್ಮಗ. ಈ ಕಾರ್ಯಕ್ರಮದ ಹಳೆಯ ಕಂತುಗಳು ಯೂಟ್ಯೂಬಿನಲ್ಲೂ ಇವೆ. ಆದರೆ ಉತ್ತರ ಗೊತ್ತಾಗದಿದ್ದಾಗ ನಿಲ್ಲಿಸಿ ಹುಡುಕುವ ಅವಕಾಶ ಅಲ್ಲಿದೆ, ಇಲ್ಲಿಲ್ಲ. ಗಡಿಯಾರ ಇಬ್ಬರಿಗೂ ಒಂದೇ ವೇಗದಲ್ಲಿ ಓಡುತ್ತದೆ.

ಆ ಅಕ್ಟೋಬರಿನ ವಿಜಯದಶಮಿಯಂದು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಅಭಿಮನ್ಯುವಿನ ನಡಿಗೆಯನ್ನು ಅಮ್ಮ ಚಂದನದಲ್ಲಿ ನೋಡಿದರು. ಅದೇ ಗಳಿಗೆಯಲ್ಲಿ ಮೈಸೂರಿನಲ್ಲಿದ್ದ ಚಿಕ್ಕಮ್ಮ ಫೋನಿನಲ್ಲಿದ್ದರು, ಹಿಂದಿನ ಬೀದಿಯಲ್ಲಿ ಸಾವಿತ್ರಮ್ಮನವರೂ ಟಿವಿ ಮುಂದಿದ್ದರು. ಪುಷ್ಪಾರ್ಚನೆಯಾದಾಗ ಅಮ್ಮ ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು. ಮರುದಿನಕ್ಕೆ ಎತ್ತಿಟ್ಟು ನೋಡಿದ್ದರೆ ಹಾಗೆ ಎದ್ದು ನಿಲ್ಲುತ್ತಿದ್ದರೇ ಎಂದು ನಾನು ಬಹಳ ಯೋಚಿಸಿದ್ದೇನೆ.

ಸ್ಟ್ರೀಮಿಂಗನ್ನು ನಾನು ಹಳಿಯುತ್ತಿಲ್ಲ. ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಿಡುವಾಗುವ ನನಗೆ ಬೇಕಾದಾಗ ನೋಡುವ ಸ್ವಾತಂತ್ರ್ಯ ದೊಡ್ಡದು, ಮತ್ತು ಪ್ರಸಾರ ಭಾರತಿಯೇ 2024ರ ನವೆಂಬರಿನಲ್ಲಿ ವೇವ್ಸ್ ಎಂಬ ತನ್ನ ಆ್ಯಪನ್ನು ತಂದ ಮೇಲೆ ಪ್ರಯಾಣದಲ್ಲೂ ದೂರದರ್ಶನದ ವಾಹಿನಿಗಳನ್ನು ನೋಡಲು ದಾರಿಯಾಯಿತು. ರಸ್ತೆ ಅಗೆದಾಗ ಫೈಬರ್ ತುಂಡಾಗಿ ಎರಡು ದಿನ ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಡಿಶ್ ನಡೆಯುತ್ತದೆ. ಜೋರು ಮಳೆಯಲ್ಲಿ ಡಿಶ್ ಕೈಕೊಟ್ಟಾಗ ಇಂಟರ್‌ನೆಟ್ ನಡೆಯುತ್ತದೆ. ಡಿಶ್ ಹಿಡಿಯುವ ಕೆಯು ಬ್ಯಾಂಡಿನ ತರಂಗಗಳನ್ನು ದಟ್ಟ ಮಳೆಹನಿಗಳು ಹೀರಿಕೊಳ್ಳುತ್ತವೆ, ಹಾಗಾಗಿ ಬೆಂಗಳೂರಿನ ಮೇ ತಿಂಗಳ ಗುಡುಗು ಮಳೆಯಲ್ಲಿ ಚಿತ್ರ ಹೆಪ್ಪುಗಟ್ಟುತ್ತದೆ. ಆಗ ನಾನು ಓಡಿಹೋಗಿ ಆ್ಯಪ್ ಹಾಕಿಕೊಡಲೇ ಎಂದು ಕೇಳಿದರೆ ಅಮ್ಮ, "ಇರಲಿ ಬಿಡೆ, ಮಳೆ ನಿಂತ ಮೇಲೆ ಬರುತ್ತೆ" ಎಂದು ಹುರುಳಿಕಾಯಿ ಸೋಸುತ್ತ ಕೂರುತ್ತಾರೆ.

ಕಳೆದ ವಾರ ಅವರು ತಮ್ಮ ಕೋಣೆಯಲ್ಲಿರುವ ಹಳೆಯ ಸಣ್ಣ ಟಿವಿಗೂ ಡಿಶ್‌ನ ತಂತಿ ಎಳೆಸಿಕೊಡಲು ಹೇಳಿದರು. ಮಂಡಿನೋವು ಹೆಚ್ಚಾದ ದಿನ ಹಾಲ್‌ಗೆ ಬರುವುದು ಕಷ್ಟವಂತೆ. ಎಸ್.ಪಿ. ರಸ್ತೆಯ ಯುವಕನಿಗೆ ಫೋನ್ ಮಾಡಿದೆ. ಎರಡು ಬಾಯಿಯ ಎಲ್‌ಎನ್‌ಬಿ ಹಾಕಬೇಕು, ಇನ್ನೊಂದು ಬಾಕ್ಸ್ ಬೇಕು, ನಲವತ್ತು ಅಡಿ ತಂತಿ ಸಾಕು, ಮುಂಗಾರಿಗೆ ಮುಂಚೆ ಕಂಬದ ಬೋಲ್ಟುಗಳನ್ನೂ ಒಮ್ಮೆ ಬಿಗಿ ಮಾಡಿಕೊಡುತ್ತೇನೆ ಎಂದಿದ್ದಾನೆ. ಭಾನುವಾರ ಬರುತ್ತಾನೆ.